ನೀನು ವಾಲುವ ಕಡೆಗೇ...

ಕೆನಾನ್ ಕಾಫಿಯ ಬಟ್ಟಲನ್ನು ತುಟಿಗಿಟ್ಟ. ಅಷ್ಟೇ... ಅವನ ಕಣ್ಣಲ್ಲಿ ನೀರು ತುಂಬಿ ಬಂತು!

ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡುತ್ತಿದ್ದ ಗುಲ್ಫೆಮ್‌ಳ ಎದೆ ಧಸಕ್ಕೆಂದಿತು.

ನಮ್ಮ ಕಡೆ ಹೆಣ್ಣು ಕೇಳಲು ಬಂದ ಗಂಡಿಗೆ ಹುಡುಗಿ ಉಪ್ಪು ಹಾಕಿದ ಕಾಫಿ ಕೊಡುತ್ತಾಳೆ. ಮುಖ ಸಿಂಡರಿಸದೆ ಕುಡಿದುಬಿಟ್ಟರೆ ಹುಡುಗ ಗೆದ್ದ. ಕೆಲವು ಹುಡುಗಿಯರು ಮುಷ್ಟಿಗಟ್ಟಲೆ ಸುರಿಯುತ್ತಾರೆ. ಗುಲ್ಫೆಮ್ ಹಾಕಿದ್ದು ಒಂದೇ ಚಿಟಿಕೆ. ಅವನು ಸೋಲಬಾರದು ಅಂತ ಅವಳಿಗೇ ಅಷ್ಟು ಆಸೆ!

ಅವನು ಪೇಟೆಯಲ್ಲಿ ಉಣ್ಣೆ ಬಡಿದು ಕಂಬಳಿ ಮಾಡುವವನು. ಪ್ರತಿ ಮಂಗಳವಾರದ ಸಂತೆಗೆ ಅವಳು ಚಿನಾರ್ಲಿ ಹಳ್ಳಿಯಿಂದ ಮೇಕೆ ಹಾಲಿನ ಪನೀರ್ ತಂದು ಮಾರುತ್ತಿದ್ದಳು. ಇಬ್ಬರೇ ಇರುವ ಮನೆಗೆ ಹತ್ತು ಜನ ತಿನ್ನುವಷ್ಟು ಪನೀರ್ ಕೊಂಡು, ಕಿವಿ ಕೆಂಪಗೆ ಮಾಡಿಕೊಂಡು ಹೋಗುತ್ತಿದ್ದ. ಅದು ಬಿಟ್ಟರೆ ಒಂದು ಮಾತಿಲ್ಲ, ಕತೆಯಿಲ್ಲ. ಕೊನೆಗೆ ಇವತ್ತು ತಾಯಿ ಮುಯೆಸ್ಸರಮ್ಮನ ಜೊತೆ ಹೂವು, ಚಾಕಲೇಟಿನ ತಟ್ಟೆ ಹಿಡಿದು ಬಂದಿದ್ದ.

'ಒಂದು ಚಿಟಿಕೆಗೇ ಅಳುವುದಾ...' ಅಂದುಕೊಳ್ಳುವಷ್ಟರಲ್ಲಿ ಬಟ್ಟಲು ಅವನ ಕೈಯಿಂದ ಜಾರಿ ಜಮಖಾನದ ಮೇಲೆ ಬಿತ್ತು.

ಕೆನಾನ್ ಎದ್ದು ನಿಂತ. ಎದ್ದವನು ಎಡಕ್ಕೆ ವಾಲಿದ. ಸಾವರಿಸಿಕೊಳ್ಳಲು ಹೋಗಿ ಮೇಜಿಗೆ ತಗುಲಿ ಹೂದಾನಿ ಕೆಡವಿದ. ಅವನ ಬಾಯಿಯ ಒಂದು ಬದಿ ಮಾತ್ರ ಮೇಲೇರಿತು... ಎಲ್ಲರನ್ನೂ ಗೇಲಿ ಮಾಡಿ ನಗುವವನ ಹಾಗೆ!

ಹಿಡಿಯಲು ಹೋದ ಗುಲ್ಫೆಮ್‌ಳ ಅಪ್ಪ ರಮಿಜ್ ಮೂಗರಳಿಸಿ ಹಿಂದೆ ಸರಿದರು.

"ರಾಕಿ ವಾಸನೆ! ಕುಡಿದು ಬಂದಿದ್ದೀಯಾ? ನನ್ನ ಮಗಳನ್ನ ಕೇಳೋಕೆ ಸಾರಾಯಿ ಕುಡಿದು ಬಂದಿದ್ದೀಯಾ?"

"ನಾ... ನಲ್ಲ... ನಂಗೆ..." ಕೆನಾನ್‌ನ ನಾಲಿಗೆ ತಡವರಿಸಿತು. ಕುಡಿದವರ ನಾಲಿಗೆಯಂತೆಯೇ.

"ಕೆನಾನ್! ಏನೋ ಇದು? ನನ್ನ ಮಾನ ತೆಗೀತೀಯೇನೋ!" ಮುಯೆಸ್ಸರಮ್ಮ ಅವನ ತೋಳು ಹಿಡಿದು ಜಗ್ಗಿದಳು.

ರಮಿಜ್‌ರ ಒಡಹುಟ್ಟಿದ ತಮ್ಮ ರಾಕಿಯಲ್ಲೇ ಮುಳುಗಿ ಸತ್ತವನು. ಆ ಮನೆಯಲ್ಲಿ ಆ ವಾಸನೆ ಬಂದರೆ ಊರೇ ನಡುಗಬೇಕು. ಅವರು ಚಾಕಲೇಟಿನ ತಟ್ಟೆ, ಹೂವಿನ ಗುಚ್ಛ ಎತ್ತಿ ಮುಯೆಸ್ಸರಮ್ಮನ ಕೈಗೇ ಮರಳಿಸಿದರು. ನಮ್ಮಲ್ಲಿ ಅದಕ್ಕಿಂತ ದೊಡ್ಡ 'ಇಲ್ಲ' ಇನ್ನೊಂದಿಲ್ಲ.

ಕೆನಾನ್ ಬಾಗಿಲ ಕಡೆ ತಿರುಗಿದ. ಗುಲ್ಫೆಮ್ ಅಲ್ಲಿ ನಿಂತಿದ್ದಳು. ಅವನು ಅವಳನ್ನು ನೋಡಿದ... ಆಮೇಲೆ ಅವಳ ಪಕ್ಕದ ಗೋಡೆಯನ್ನು ನೋಡಿದ... ಮತ್ತೆ ಅವಳನ್ನು.

'ನನ್ನ ಮುಖ ನೆಟ್ಟಗೆ ನೋಡುವಷ್ಟೂ ಎಚ್ಚರವಿಲ್ಲ ಇವನಿಗೆ!'

"ಹೋಗಿ," ಅಂದಳು ಗುಲ್ಫೆಮ್.

ಒಂದೇ ಮಾತು. ಪನೀರಿನ ವ್ಯಾಪಾರ ಬಿಟ್ಟರೆ ಅವರಿಬ್ಬರ ನಡುವೆ ಆಡಿದ ಮೊದಲ ಮಾತು ಅದೇ ಆಗಿಹೋಯಿತು!

*

ಆಮೇಲಿನ ದಿನಗಳಲ್ಲಿ ಗುಲ್ಫೆಮ್ ಮೇಕೆಗಳ ಮೇಲೆ ರೇಗಿದಳು, ಪಾತ್ರೆಗಳ ಮೇಲೆ ರೇಗಿದಳು.

"ಪಾತ್ರೆ ಏನು ಮಾಡ್ತೇ ನಿಂಗೆ?" ಫಿಟ್ನತ್ ಅಜ್ಜಿ ಕೂತಲ್ಲಿಂದಲೇ ಕೂಗಿದಳು. "ಅಳೋದಾದ್ರೆ ಕೂತು ಅಳು. ನಾನೂ ಜೊತೆಗೆ ಅಳ್ತೀನಿ. ನಂಗೂ ಹೊತ್ತು ಹೋಗಲ್ಲ."

"ಕುಡುಕನಿಗೋಸ್ಕರ ನಾನು ಅಳಲ್ಲ, ಅಜ್ಜಿ."

"ಸರಿ. ಹಾಗಾದ್ರೆ ಮೂಗು ಯಾಕೆ ಮೂಲಂಗಿ ಹಾಗಾಗಿದೆ?"

ಮಂಗಳವಾರ ಬಂತು. ಕೆನಾನ್‌ನ ಅಂಗಡಿಗೆ ಬೀಗ ಬಿದ್ದಿತ್ತು. ಸಂತೆಯಲ್ಲಿ ಗುಲ್ಫೆಮ್‌ಳ ಪಕ್ಕ ಹಿಪ್ಪುನೇರಳೆ ಹಣ್ಣಿನ ಪಾಕ ಮಾರುವ ಹೆಂಗಸು ಸುಮ್ಮನಿರುತ್ತಾಳೆಯೇ?

"ಏನೇ ಹುಡುಗಿ, ನಿನ್ನ ಕಂಬಳಿಯವನು ಎಲ್ಲಿ? ನಿನ್ನ ಪನೀರೂ ಬೇಡ, ನನ್ನ ಪಾಕವೂ ಬೇಡ ಅಂತ ಓಡಿಹೋದ್ನಾ?"

"ನನ್ನವನಲ್ಲ ಅವನು!" ಅಂದು ಗುಲ್ಫೆಮ್ ಪನೀರನ್ನು ಕೊಚ್ಚುವಂತೆ ಕತ್ತರಿಸಿದಳು.

ಆಗಲೇ ಮುಯೆಸ್ಸರಮ್ಮ ಬಂದಳು. ತಲೆಗೆ ಕಟ್ಟಿದ ಬಟ್ಟೆ ಸಡಿಲಾಗಿತ್ತು, ಕಣ್ಣು ಊದಿಕೊಂಡಿದ್ದವು. ಬಂದವಳೇ ಪನೀರಿನ ತಟ್ಟೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು.

"ಇದರಲ್ಲಿ ಏನು ಹಾಕಿದ್ದೆ? ಹೇಳು! ನನ್ನ ಮಗ ವಾರ ವಾರ ಇದನ್ನೇ ತಿಂದ! ಈಗ ಇಜ್ಮಿರ್‌ನ ದೊಡ್ಡಾಸ್ಪತ್ರೇಲಿ ಮಲಗಿದ್ದಾನೆ. ಅವನ ಮಿದುಳಿಗೆ ಊತ ಬಂದಿದೆ!"

ಗುಲ್ಫೆಮ್‌ಳ ಕೈಯಿಂದ ಚಾಕು ಬಿತ್ತು.

"ಮಿದು... ಏನಂದ್ರಿ, ಚಿಕ್ಕಮ್ಮ?"

"ಕುಡಿದಿರಲಿಲ್ಲ ನನ್ನ ಮಗ! ಅವತ್ತು ನಿಮ್ಮನೆಯಿಂದ ಹೊರಟು ಬೀದೀಲೇ ಬಿದ್ದ. ಅವನು ವಾಲಿದ್ದು, ನಾಲಿಗೆ ತೊದಲಿದ್ದು, ಬಾಯಿ ಸೊಟ್ಟಗಾಗಿದ್ದು... ಎಲ್ಲಾ ಆ ಊತದಿಂದ. ಕಾಯಿಸದ ಹಾಲಿನ ಹಸಿ ಪನೀರ್ ತಿಂತಿದ್ನಾ ಅಂತ ಡಾಕ್ಟ್ರಮ್ಮ ಕೇಳಿದ್ರು. ಅಂಥ ಪನೀರಲ್ಲಿ ಒಂದು ಕ್ರಿಮಿ ಇರುತ್ತಂತೆ, ನೆಟ್ಟಗೆ ಮಿದುಳಿನ ಬುಡಕ್ಕೇ ಹೋಗುತ್ತಂತೆ!"

ಸಂತೆಯ ಗದ್ದಲವೆಲ್ಲ ದೂರ ಸರಿದಂತಾಯಿತು ಗುಲ್ಫೆಮ್‌ಗೆ.

ಕುಡಿದಿರಲಿಲ್ಲ... ಅವನು ಕುಡಿದಿರಲೇ ಇಲ್ಲ! ಮನಸ್ಸು ಹೂವಾಗಬೇಕಿದ್ದ ಗಳಿಗೆಯಲ್ಲೇ ಇನ್ನೊಂದು ಯೋಚನೆ ಬಂದು ಕಚ್ಚಿತು. 'ನಾನೇ... ನನ್ನ ಕೈಯಾರೆ ಮಾಡಿದ ಪನೀರ್...'

ಅವಳು ಬಿಕ್ಕಲಿಲ್ಲ. ಅವನು ಕೊಂಡೊಯ್ದಿದ್ದ ಪನೀರಿನ ಜೊತೆಗೇ ಮಾಡಿದ್ದ ಇನ್ನೊಂದು ಜಾಡಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡಳು. ಅಂಗಡಿಯನ್ನು ಪಾಕದ ಹೆಂಗಸಿಗೆ ಒಪ್ಪಿಸಿದಳು.

"ನಡೀರಿ ಚಿಕ್ಕಮ್ಮ. ಇದನ್ನ ಅವರು ಪರೀಕ್ಷೆ ಮಾಡ್ಲಿ. ನಂದೇ ತಪ್ಪಾಗಿದ್ರೆ ಅದನ್ನ ನಾನೇ ಅವರ ಬಾಯಿಂದ ಕೇಳ್ತೀನಿ."

*

ಡಾಕ್ಟರ್ ನೆರ್ಮಿನ್ ಕುಳ್ಳಗಿನ, ಚುರುಕು ಕಣ್ಣಿನ ಹೆಂಗಸು. ಜಾಡಿಯನ್ನು ಪ್ರಯೋಗಶಾಲೆಗೆ ಕಳಿಸಿ, ಗುಲ್ಫೆಮ್‌ಳ ಮುಖ ನೋಡಿ, "ಬಾ ಮಗಳೇ," ಅಂದು ಒಳಗೆ ಕರೆದಳು. ಬೆಳಕಿನ ಹಲಗೆಗೆ ಒಂದು ದೊಡ್ಡ ಕಪ್ಪು ಹಾಳೆ ಸಿಕ್ಕಿಸಿದಳು.

"ಇದು ಕೆನಾನ್‌ನ ಮಿದುಳಿನ ಎಂಆರ್‌ಐ ಚಿತ್ರ. ಮೇಲೆ ಹೂಕೋಸಿನ ಥರ ಇರೋದು ದೊಡ್ಡ ಮಿದುಳು. ಕೆಳಗೆ ಅದರ ದಂಟು ಕಾಣುತ್ತಲ್ಲ, ಇದು ಮಿದುಳಿನ ಕಾಂಡ. ಕಣ್ಣು ತಿರುಗ್ಸೋದು, ನುಂಗೋದು, ಮುಖ ಆಡ್ಸೋದು, ಉಸಿರು... ಎಲ್ಲಾ ಇದರ ಕೆಲಸ. ಹಿಂದೆ ಅಂಟಿಕೊಂಡಿರೋದು ಕಿರುಮಿದುಳು. ನಾವು ಬೀಳದೆ ನಡೆಯೋದು ಇದರಿಂದ."

ಆ ದಂಟಿನ ಒಂದು ಮಗ್ಗುಲಲ್ಲಿ ಬೆಳ್ಳಗಿನ ಮೋಡವೊಂದು ಕೂತಿತ್ತು. ಮೇಲಕ್ಕೆ ಬಾಲ ಚಾಚಿತ್ತು. ಹಿಂದೆ ಕಿರುಮಿದುಳಿಗೆ ಸೇರುವ ಕಡೆಗೂ ಒಂದು ಎಳೆ ಹೋಗಿತ್ತು.

ಗುಲ್ಫೆಮ್ ಆ ಮೋಡವನ್ನು ನೋಡಿದಳು. ಕೈ ಚಾಚಿ ಒರೆಸಿಬಿಡುವ ಹಾಗಿದ್ದರೆ!

"ಇದನ್ನ... ನನ್ನ ಪನೀರ್ ಮಾಡಿತಾ?"

"ಅದೇ ಪ್ರಶ್ನೆ. ಕ್ರಿಮಿ ಆಗಿದ್ರೆ ಸಾಮಾನ್ಯವಾಗಿ ಸಣ್ಣ ಸಣ್ಣ ಕೀವಿನ ಗಂಟು ಕಟ್ಟುತ್ತೆ. ನರಕ್ಕೆ ಬಣ್ಣದ ಮದ್ದು ಕೊಟ್ಟು ಚಿತ್ರ ತೆಗೆದಾಗ ಬಳೆಗಳ ಹಾಗೆ ಹೊಳೀತವೆ. ಇಲ್ಲಿ ಬಳೆಗಳಿಲ್ಲ. ರಕ್ತ ಕಟ್ಟಿ ಆದದ್ದೂ ಅಲ್ಲ, ಯಾಕಂದ್ರೆ ಈ ಮೋಡ ಯಾವ ರಕ್ತನಾಳದ ದಾರೀನೂ ಹಿಡಿದಿಲ್ಲ. ಇನ್ನೊಂದು ಕಾಯಿಲೆ ಇದೆ. ರೋಗ ತಡೆಯೋ ಮೈಯ ಕಾವಲುಪಡೆಯೇ ತಲೆಕೆಟ್ಟು ತನ್ನ ಮನೆಗೇ ಬೆಂಕಿ ಇಡುತ್ತೆ. ನಮ್ಮ ನಾಡಲ್ಲಿ ಬೇರೆಲ್ಲೂ ಇಲ್ಲದಷ್ಟು ಜನಕ್ಕಿದೆ. ಬೆಹ್ಚೆಟ್ ಅಂತಾರೆ."

"ಅದಾಗಿದ್ರೆ ಮದ್ದು ಇದೆಯಾ?"

"ಇದೆ. ಆದರೆ ಆ ಮದ್ದು ಕಾವಲುಪಡೆಯನ್ನೇ ಮಲಗಿಸುತ್ತೆ. ಅಕಸ್ಮಾತ್ ಒಳಗೆ ಕ್ರಿಮಿ ಇದ್ರೆ ಅದಕ್ಕೆ ಹಬ್ಬ! ಅದಕ್ಕೇ ಈಗ ಕ್ರಿಮಿಯ ಮದ್ದು ಮಾತ್ರ ನಡೀತಿದೆ. ಕೆನಾನ್‌ಗೆ ಇವತ್ತು ನುಂಗೋದೂ ಕಷ್ಟ ಆಗ್ತಿದೆ. ಹೆಚ್ಚು ಕಾಯೋಕಾಗಲ್ಲ."

ಡಾಕ್ಟರ್ ಮುಯೆಸ್ಸರಮ್ಮನ ಕಡೆ ತಿರುಗಿದಳು.

"ಮತ್ತೆ ಕೇಳ್ತೀನಿ, ತಾಯಿ. ಈಗಂತೂ ಅವನ ಬಾಯಲ್ಲಿ ಏನೂ ಕಾಣ್ತಿಲ್ಲ. ಹಿಂದೆ ಹುಣ್ಣು ಆಗ್ತಿತ್ತಾ? ಪದೇ ಪದೇ?"

ಮುಯೆಸ್ಸರಮ್ಮ ಗುಲ್ಫೆಮ್‌ಳನ್ನು ಒಮ್ಮೆ ನೋಡಿದಳು. ತಲೆಯ ಬಟ್ಟೆ ಸರಿಮಾಡಿಕೊಂಡಳು.

"ಇಲ್ಲಪ್ಪ! ನನ್ನ ಮಗನ ಬಾಯಿ ಗುಲಾಬಿ ಹೂವು. ಒಂದು ದಿನ ಶೀತ ಅಂತಲೂ ಮಲಗಿದವನಲ್ಲ."

ಗಂಡು ಹೆತ್ತವಳ ಗಂಟಲು ಅದು! ಮಗ ಮೇಲೇಳದೆ ಮಲಗಿದ್ದಾನೆ, ಆದರೂ ಹೆಣ್ಣಿನ ಕಡೆಯವರ ಮುಂದೆ ಅವನ ಮೈಮೇಲೆ ಒಂದು ಕಲೆ ಇದೆ ಅಂತ ಒಪ್ಪಿಕೊಳ್ಳಲು ನಾಲಿಗೆ ಏಳದು. ನಮ್ಮಲ್ಲಿ ಎಷ್ಟೋ ತಾಯಂದಿರು ಹೀಗೇ.

ಡಾಕ್ಟರ್ ನಿಟ್ಟುಸಿರು ಬಿಟ್ಟು ಚಿತ್ರ ತೆಗೆಯಲು ಕೈ ಎತ್ತಿದಳು.

ಗುಲ್ಫೆಮ್‌ಳ ತಲೆಯೊಳಗೆ ಏನೋ ಕದಲಿತು. ಹುಣ್ಣು... ಬಾಯಲ್ಲಿ ಹುಣ್ಣಿದ್ದವನಿಗೆ ಉಪ್ಪು ತಾಗಿದರೆ?

"ಡಾಕ್ಟರಮ್ಮ, ನಿಲ್ಲಿ!" ಅವಳ ದನಿ ಅವಳಿಗೇ ಜೋರಾಗಿ ಕೇಳಿಸಿತು. "ಅವತ್ತು ನಾನು ಕಾಫಿಗೆ ಹಾಕಿದ್ದು ಒಂದು ಚಿಟಿಕೆ ಉಪ್ಪು. ಅಷ್ಟಕ್ಕೇ ಅವರ ಕಣ್ಣಲ್ಲಿ ನೀರು ಬಂತು. ಮತ್ತೆ ಅವರು... ಸಂತೇಲಿ ನನ್ನ ಪಕ್ಕದವಳ ಹತ್ರ ಆಗಾಗ ಹಿಪ್ಪುನೇರಳೆ ಪಾಕ ತಗೋತಿದ್ರು. ಸಿಹಿ ಅಂದ್ರೆ ಆಸೆ ಅಂತ ನಾನು ನಗ್ತಿದ್ದೆ. ನಮ್ಮಜ್ಜಿ ಬಾಯಿಹುಣ್ಣಿಗೆ ಅದನ್ನೇ ಹಚ್ಚೋದು!"

ಡಾಕ್ಟರ್‌ನ ಚುರುಕು ಕಣ್ಣು ಇನ್ನೂ ಚುರುಕಾಯಿತು.

"ಆದರೆ ಅವತ್ತು ರಾಕಿ ವಾಸನೆ ಬರ್ತಿತ್ತು..." ಅಂದು ಗುಲ್ಫೆಮ್ ಮುಯೆಸ್ಸರಮ್ಮನ ಎರಡೂ ಕೈ ಹಿಡಿದುಕೊಂಡಳು. "ಚಿಕ್ಕಮ್ಮ, ನಾನು ನಿಮ್ಮ ಸೊಸೆ ಆಗ್ತೀನೋ ಇಲ್ವೋ, ಅದು ಆಮೇಲೆ. ಮೊದಲು ಅವರು ಬದುಕಬೇಕು. ನಿಜ ಹೇಳಿ!"

ಮುಯೆಸ್ಸರಮ್ಮ ಕುಸಿದು ಕುರ್ಚಿಯಲ್ಲಿ ಕೂತಳು.

"ಹತ್ತೀಲಿ ರಾಕಿ ಅದ್ದಿ ಹುಣ್ಣಿನ ಮೇಲೆ ಇಟ್ಕೊಂಡಿದ್ದ ಕಣಮ್ಮಾ... ಮರಗಟ್ಟಲಿ, ಕಾಫಿ ನೆಟ್ಟಗೆ ಕುಡೀಬೇಕು ಅಂತ. ಒಂದು ಹನಿ ನುಂಗಿಲ್ಲ. ಹುಡುಗ ಆಗಿದ್ದಾಗಿಂದ ಬರುತ್ತೆ, ಹೋಗುತ್ತೆ. ರೋಗಿಷ್ಟ ಗಂಡು ಅಂದ್ರೆ ಯಾರು ಹೆಣ್ಣು ಕೊಡ್ತಾರೆ ಅಂತ ನಾನೇ ಬಾಯಿ ಮುಚ್ಚಿಸಿದ್ದೆ. ಇನ್ನೊಂದು ಕಡೇನೂ ಆಗುತ್ತೆ... ಅದನ್ನ ಈ ಹುಡುಗಿ ಮುಂದೆ ಹೇಗೆ ಹೇಳ್ಲಿ ಡಾಕ್ಟ್ರೇ!"

"ಹೇಳ್ಬೇಡಿ, ಅರ್ಥ ಆಯ್ತು!" ಡಾಕ್ಟರ್ ಆಗಲೇ ಬಾಗಿಲು ದಾಟಿದ್ದಳು.

*

ಒಂದು ಸಣ್ಣ ಪರೀಕ್ಷೆ ಬಾಕಿಯಿತ್ತು. ಕೆನಾನ್‌ನ ತೋಳಿಗೆ ಬರಿಯ ಸೂಜಿ ಚುಚ್ಚಿದರು. ಬೇರೆಯವರಿಗಾದರೆ ಚುಚ್ಚಿದ ಗುರುತೂ ಉಳಿಯದು. ಈ ಕಾಯಿಲೆಯವರಲ್ಲಿ ಮೈ ಅಷ್ಟಕ್ಕೇ ಸಿಟ್ಟಾಗಿ, ಅಲ್ಲಿ ಕೀವುಗುಳ್ಳೆ ಏಳುತ್ತದೆ. ಡಾಕ್ಟರ್ ಅದಕ್ಕೆ ಕಾಯಲಿಲ್ಲ. ಬೆನ್ನುಮೂಳೆಯಿಂದ ತೆಗೆದು ಪರೀಕ್ಷೆಗಿಟ್ಟ ನೀರಿನಲ್ಲಿ ಕ್ರಿಮಿ ಬೆಳೆದಿಲ್ಲ ಅಂತ ಅಷ್ಟರಲ್ಲಿ ತಿಳಿದಿತ್ತು, ಬೆಂಕಿ ಆರಿಸುವ ಮದ್ದನ್ನು ಆವತ್ತೇ ನರಕ್ಕೆ ಏರಿಸಿದಳು. ಆದರೆ ಮೊಗಸಾಲೆಯಲ್ಲಿ ಕೂತವರಿಗೆ ಗುಳ್ಳೆಯದೇ ಜಪ.

ಅಷ್ಟು ಹೊತ್ತಿಗೆ ಫಿಟ್ನತ್ ಅಜ್ಜಿಯೂ ರಮಿಜ್‌ರನ್ನು ಎಳೆದುಕೊಂಡು ಬಂದಿದ್ದಳು. ಮಾರನೆಯ ದಿನ ಏನೂ ಕಾಣಲಿಲ್ಲ. ಅದರ ಮರುದಿನ ಬೆಳಿಗ್ಗೆ ಒಳಗಿಂದ ಮುಯೆಸ್ಸರಮ್ಮ ಓಡಿ ಬಂದಳು.

"ಗುಳ್ಳೆ! ಗುಳ್ಳೆ ಎದ್ದಿದೆ! ಇಷ್ಟು ದಪ್ಪ! ಕೆಂಪಗೆ, ಮುತ್ತಿನ ಹಾಗಿದೆ!"

ಒಬ್ಬರನ್ನೊಬ್ಬರು ತಬ್ಬಿಕೊಂಡರು. ಅಳು, ನಗು ಒಟ್ಟಿಗೇ! ಮಂಚದ ಗಾಡಿ ತಳ್ಳಿಕೊಂಡು ಹೋಗುತ್ತಿದ್ದವನು ನಿಂತು, "ಏನು, ಗಂಡುಮಗುನಾ?" ಅಂತ ಕೇಳಿದ.

"ಇಲ್ಲಪ್ಪ, ಗುಳ್ಳೆ!" ಅಂದಳು ಅಜ್ಜಿ. "ಅಲ್ಲಾಹ್ ನಿಂಗೂ ಒಂದು ಕೊಡ್ಲಿ!"

ಆ ಸಂಜೆಯೇ ಕೆನಾನ್ ಒಂದು ಚಮಚ ಸೂಪ್ ಕೆಮ್ಮದೆ ನುಂಗಿದ. ಜಾಡಿಯ ಪನೀರಿನ ಪರೀಕ್ಷೆಯೂ ಬಂತು. ಅದರಲ್ಲಿ ಯಾವ ಕ್ರಿಮಿಯೂ ಇರಲಿಲ್ಲ.

"ಪನೀರ್ ಚೆನ್ನಾಗಿದೆಯಂತೆ," ಅಂದಳು ಡಾಕ್ಟರ್. "ಹಾಗಂತ ಹಿಗ್ಗಬೇಡ. ಇನ್ನು ಮೇಲೆ ಹಾಲು ಕಾಯಿಸಿಯೇ ಹೆಪ್ಪು ಹಾಕ್ಬೇಕು. ನಿನ್ನ ಅದೃಷ್ಟ ಚೆನ್ನಾಗಿತ್ತು, ಇನ್ನೊಬ್ಬರದ್ದು ಇರಲಿಕ್ಕಿಲ್ಲ."

"ಕಾಯಿಸ್ತೀನಿ! ಎರಡೆರಡು ಸಲ ಕಾಯಿಸ್ತೀನಿ!" ಅಂದು ಗುಲ್ಫೆಮ್ ಅವಳ ಕೈಗೆ ಮುತ್ತಿಟ್ಟು ಹಣೆಗೊತ್ತಿಕೊಂಡಳು.

ಎಲ್ಲ ಸುಖವಾಯಿತು ಅಂದುಕೊಂಡರೆ... ಕೆನಾನ್ ಅವಳನ್ನು ಒಳಗೆ ಬಿಡಲಿಲ್ಲ!

"ಬೇಡವಂತೆ ಮಗಳೇ," ಮುಯೆಸ್ಸರಮ್ಮ ಬಾಗಿಲಲ್ಲೇ ತಲೆತಗ್ಗಿಸಿದಳು. "ಅವಳನ್ನ ಊರಿಗೆ ಕಳಿಸು ಅಂತಾನೆ."

ಗುಲ್ಫೆಮ್‌ಳ ನಗು ಆರಿಹೋಯಿತು. 'ಸರಿಯೇ. ಮಾತಾಡಲಾಗದೆ ನಿಂತವನಿಗೆ ನಾನು ಹೋಗಿ ಅಂದವಳು. ಏನಾಯಿತು ಅಂತ ಒಂದು ಮಾತು ಕೇಳಲಿಲ್ಲ. ಅವನೇಕೆ ನನ್ನ ಮುಖ ನೋಡಬೇಕು?'

"ದಡ್ಡಿ," ಅಂದಳು ಅಜ್ಜಿ. "ಬಾಯಿಂದ ಸೂಪ್ ಸೋರ್ತಿರುವಾಗ ಯಾವ ಗಂಡು ತಾನು ಮೆಚ್ಚಿದ ಹುಡುಗೀನ ಒಳಗೆ ಕರೀತಾನೆ?"

ಗುಲ್ಫೆಮ್ ನಂಬಲಿಲ್ಲ. ಆದರೂ ಊರಿಗೆ ಹೋಗಲಿಲ್ಲ. ಇಜ್ಮಿರ್‌ನಲ್ಲಿದ್ದ ಸೋದರತ್ತೆಯ ಮನೆಯಲ್ಲಿ ಉಳಿದು, ದಿನವೂ ಬಂದು ಆ ಮೊಗಸಾಲೆಯ ಬೆಂಚಿನ ಮೇಲೆ ಕೂರುತ್ತಿದ್ದಳು. ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುತ್ತಿದ್ದಳು.

ಒಂದು ದಿನ ರಮಿಜ್ ಮತ್ತೆ ಊರಿಂದ ಬಂದರು. ಟೋಪಿ ಕೈಯಲ್ಲಿ ಹಿಡಿದು, "ನಾನು ಆಡಿದ್ದು ನಾನೇ ಸರಿ ಮಾಡ್ಬೇಕು," ಅಂದು ಒಳಗೆ ಹೋದರು. ಬಹಳ ಹೊತ್ತಿನ ಮೇಲೆ ಹೊರಬಂದವರ ಕಣ್ಣು ಕೆಂಪಗಿದ್ದವು.

"ಏನಂದ್ರು ಅಪ್ಪ?"

"ನಿನ್ನ ಕಾಯಿಲೆಯೆಲ್ಲ ಕಳೆದುಹೋಗಲಿ ಮಗನೇ, ಅಂದೆ. ನನ್ನ ಕೈಗೆ ಮುತ್ತಿಟ್ಟ." ರಮಿಜ್ ಕೆಮ್ಮಿದರು. "ನಿನ್ನ ಮೇಲೆ ಕೋಪ ಗೀಪ ಏನಿಲ್ಲಮ್ಮ. ನಡಿಗೆ ಇನ್ನೂ ಸರಿಯಾಗಿಲ್ಲ. ಅದನ್ನ ನೀನು ನೋಡಬಾರದಂತೆ. ದಿನಾ ಬೆಳಿಗ್ಗೆ ಹಿಂದಿನ ತೋಟಕ್ಕೆ ನಡೆಯೋದು ಕಲೀಲಿಕ್ಕೆ ಕರ್ಕೊಂಡು ಹೋಗ್ತಾರಂತೆ."

ಟೋಪಿ ತಲೆಗೆ ಹಾಕಿಕೊಂಡರು. ಆಮೇಲೆ ಮೀಸೆ ತಿರುವಿದರು.

"ನಾನು ನಿಂಗೆ ಏನೂ ಹೇಳಿಲ್ಲ. ತಿಳೀತಾ?"

*

ಬೆಳಗಿನ ಬಿಸಿಲು ಚಿನಾರ್ ಮರಗಳ ಎಲೆಗಳಿಂದ ಸೋಸಿ ಬೀಳುತ್ತಿತ್ತು. ತೋಟದ ಕಲ್ಲುಹಾಸಿನ ಆ ತುದಿಯಲ್ಲಿ ಕೆನಾನ್. ಸೊರಗಿಹೋಗಿದ್ದ. ಬಾಯಿಯ ಸೊಟ್ಟ ಹೆಚ್ಚುಕಡಿಮೆ ನೆಟ್ಟಗಾಗಿತ್ತು. ಪಕ್ಕದಲ್ಲಿ ಗಟ್ಟಿ ಗಂಟಲಿನ ದಪ್ಪ ನರ್ಸಮ್ಮ.

ಈ ತುದಿಯಲ್ಲಿ ಗುಲ್ಫೆಮ್ ಬಂದು ನಿಂತಳು.

ಕೆನಾನ್ ಅವಳನ್ನು ಕಂಡ. ಮರದ ಹಿಂದೆ ಅವಿತುಕೊಳ್ಳುವವನ ಹಾಗೆ ಅತ್ತಿತ್ತ ನೋಡಿದ. ಅವಿತುಕೊಳ್ಳಲೂ ನಡೆಯಬೇಕಲ್ಲ!

"ಯಾಕೆ ಬಂದೆ?" ಮಾತು ನಿಧಾನ, ಆದರೆ ತಿಳಿಯಾಗಿತ್ತು.

"ಕ್ಷಮಿಸು ಅಂತ ಕೇಳೋಕೆ. ಅವತ್ತು... ನಾನು 'ಹೋಗಿ' ಅಂದೆ."

"ಅವತ್ತು ಬಾಗಿಲಲ್ಲಿ ಇಬ್ಬರು ಗುಲ್ಫೆಮ್ ನಿಂತಿದ್ರು," ಅಂದ ಕೆನಾನ್. "ಎಲ್ಲಾ ಎರಡೆರಡಾಗಿ ಕಾಣ್ತಿತ್ತು. ಒಬ್ಬಳು ಹೋಗಿ ಅಂದಳು. ಇನ್ನೊಬ್ಬಳಾದ್ರೂ 'ಇರಿ' ಅಂತಾಳೇನೋ ಅಂತ ಕಾದೆ."

ಗುಲ್ಫೆಮ್‌ಳ ಕಣ್ಣು ತುಂಬಿ ಬಂತು. ನಗುವೂ ಬಂತು.

"ಈಗ ಎಷ್ಟು ಜನ ಕಾಣ್ತಿದ್ದೀವಿ?"

"ಒಬ್ಬಳೇ."

"ಸಾಕಲ್ಲ?"

"ಹೆಚ್ಚಾಯ್ತು!" ಅಂದು ಅವನೂ ನಕ್ಕ. ಮರುಕ್ಷಣ ತಲೆ ತಗ್ಗಿಸಿದ. "ಗುಲ್ಫೆಮ್, ಕೇಳು. ಇದು ಪೂರ್ತಿ ಹೋಗೋ ಕಾಯಿಲೆ ಅಲ್ಲ. ಆರಿದ ಬೆಂಕಿ ಮತ್ತೆ ಹೊತ್ತಬಹುದು. ಬಹಳ ವರ್ಷ ಮದ್ದು ತಿನ್ನಬೇಕು. ಮಂಗಳವಾರ ಮಂಗಳವಾರ ನಿನ್ನ ಮುಖ ನೋಡೋಕೆ ಅಂತಲೇ ಸಂತೆಗೆ ಬರ್ತಿದ್ದೆ, ಸುಳ್ಳು ಹೇಳಲ್ಲ. ನಿನ್ನ ಬಿಟ್ಟು ಬೇರೆಯವಳನ್ನ ಯೋಚನೆ ಮಾಡಿದವನಲ್ಲ. ಅದಕ್ಕೇ ಹೇಳ್ತೀನಿ... ಕನಿಕರಕ್ಕೆ ನನ್ನ ಕಟ್ಟಿಕೋಬೇಡ."

"ಕನಿಕರಾನಾ? ನಿನ್ನ ಮೇಲಾ?" ಗುಲ್ಫೆಮ್ ಸೊಂಟಕ್ಕೆ ಕೈಯಿಟ್ಟಳು. "ಇಷ್ಟು ದಿನ ಬೆಂಚಿನ ಮೇಲೆ ಕೂರಿಸಿದವನ ಮೇಲೆ ನಂಗೆ ಸಿಟ್ಟಿದೆ, ಕನಿಕರ ಅಲ್ಲ! ಕುಡುಕ ಅಂದುಕೊಂಡಾಗಲೂ ನಿನ್ನ ಮರೆಯೋಕಾಗಲಿಲ್ಲ ನಂಗೆ. ಈಗ ಕಾಯಿಲೆ ಅಂತ ಮರೀಲಾ? ಬಾ ಇಲ್ಲಿ. ನಡಿ!"

"ಬೀಳ್ತೀನಿ."

"ನಡಿ ಅಂದೆ."

ನರ್ಸಮ್ಮ ಕೈ ಬಿಟ್ಟಳು. ಕೆನಾನ್ ಒಂದು ಹೆಜ್ಜೆ ಇಟ್ಟ. ಇನ್ನೊಂದು. ಕಾಲು ಅಗಲಕ್ಕೆ ಇಡುತ್ತ, ಹಗ್ಗದ ಮೇಲೆ ನಡೆಯುವವನಂತೆ ಕೈ ಚಾಚಿಕೊಂಡು... ಕಣ್ಣು ಮಾತ್ರ ಅವಳ ಮೇಲೆ. ಅರ್ಧ ದಾರಿ ನೆಟ್ಟಗೆ ಬಂದ. ಆಮೇಲೆ ಎಡಕ್ಕೆ ಎಳೆಯತೊಡಗಿತು.

"ನೇರ ಕೆನಾನ್, ನೇರ!" ನರ್ಸಮ್ಮ ಕೂಗಿದಳು. "ಹುಡುಗಿ ಅಲ್ಲಿದ್ದಾಳೆ, ನೀನು ಪೊದೆ ಕಡೆ ಹೋಗ್ತಿದ್ದೀಯ!"

ಕೆನಾನ್ ಹಲ್ಲು ಕಚ್ಚಿದ. ಹಣೆಯಲ್ಲಿ ಬೆವರೊಡೆಯಿತು. ಎಷ್ಟು ತಿದ್ದಿಕೊಂಡರೂ ಕಾಲು ಮಾತು ಕೇಳಲಿಲ್ಲ. ಅವನ ಮುಖ ಬಾಡತೊಡಗಿತು.

ಗುಲ್ಫೆಮ್ ಅವನನ್ನು ಕರೆಯಲಿಲ್ಲ. ಹಿಡಿಯಲು ಓಡಲೂ ಇಲ್ಲ. ತಾನು ನಿಂತ ಜಾಗ ಬಿಟ್ಟು, ಕಲ್ಲುಹಾಸಿನಿಂದ ಹುಲ್ಲಿಗಿಳಿದು, ಅವನು ವಾಲುತ್ತಿದ್ದ ಕಡೆಗೇ ಸರಿದು, ಪೊದೆಯ ಮುಂದೆ ನಿಂತುಕೊಂಡಳು. ಎರಡೂ ಕೈ ಮುಂದೆ ಚಾಚಿದಳು.

ಕೆನಾನ್ ಕೊನೆಯ ಹೆಜ್ಜೆ ತಪ್ಪಿ, ನೇರ ಆ ಕೈಗಳಿಗೇ ಬಂದ!

ನರ್ಸಮ್ಮ ಏನೋ ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡು, ಬೆನ್ನು ತಿರುಗಿಸಿ ಮರ ನೋಡತೊಡಗಿದಳು. ಮೇಲಿನ ಕಿಟಕಿಯಲ್ಲಿ ಮೂರು ತಲೆಗಳು ಒಂದನ್ನೊಂದು ತಳ್ಳಿಕೊಂಡು ಇಣುಕುತ್ತಿದ್ದವು. ಒಂದು ರಮಿಜ್‌ರದು, ಅವರು ಯಾರಿಗೂ ಏನೂ ಹೇಳಿರಲಿಲ್ಲ!

"ನೆಟ್ಟಗೆ ನಿನ್ನ ಹತ್ರ ಬರಬೇಕು ಅಂತಿದ್ದೆ," ಕೆನಾನ್ ಅವಳ ಹೆಗಲ ಮೇಲೆ ಏದುಸಿರು ಬಿಡುತ್ತ ಅಂದ.

"ಬಂದೆಯಲ್ಲ."

"ನಾನೆಲ್ಲಿ ಬಂದೆ... ನೀನೇ ಪಕ್ಕಕ್ಕೆ ಬಂದೆ."

"ಇನ್ನು ಮುಂದೂ ಹಾಗೇ. ನೀನು ವಾಲುವ ಕಡೆಗೇ ನಾನಿರ್ತೀನಿ."

ಅವನ ಕಣ್ಣೀರು ಅವಳ ಕತ್ತಿಗೆ ತಾಗಿತು. ಆಮೇಲೆ ಮೆಲ್ಲಗೆ, ಪೋಕರಿ ಹುಡುಗನ ದನಿಯಲ್ಲಿ ಕೇಳಿದ.

"ನಾಳೆ ಬಲಕ್ಕೆ ವಾಲಿದ್ರೆ?"

"ಓಡಿ ಬರ್ತೀನಿ," ಅಂದಳು ಗುಲ್ಫೆಮ್. "ಮೇಕೆ ಕಾಯ್ದವಳು ಕಣೋ ನಾನು. ನನ್ನ ಕಾಲು ಗಟ್ಟಿ ಇವೆ."